ಎರಡನೇ ರೌಂಡಿನ ಕೂಲಿ ಯಾರ ಲೆಕ್ಕಕ್ಕೆ?

ಮೈಸೂರು ಸೀಮೆಯಲ್ಲಿ ಗಾಲ್ಫ್ ಸ್ಪರ್ಧೆಗಳನ್ನು ನಡೆಸುವ ಸಮಿತಿಗಳ ಪದಾಧಿಕಾರಿಗಳಿಗೆ, ನನ್ನ ಹಾಗೆ ಹವ್ಯಾಸಕ್ಕೆ ಆಡುವ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಭಾನುವಾರ ಹದಿನೆಂಟು ಹೋಲ್ ಆಡಿ ಮುಗಿಸಲು ಐದು, ಐದೂವರೆ ಗಂಟೆ ಹಿಡಿಯುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ನಾಲ್ಕು ಜನರ ಫೋರ್‌ಬಾಲ್ ನಡೆದೇ ಆಡಿದರೂ ನಾಲ್ಕು ಗಂಟೆಯಲ್ಲಿ, ಹೆಚ್ಚೆಂದರೆ ಇನ್ನೊಂದು ಕಾಲು ಗಂಟೆಯಲ್ಲಿ ಮುಗಿಯಬೇಕಾದ ಆಟ ಇದು. ಮಿಕ್ಕ ಆ ಒಂದು ಗಂಟೆ ಸುಮ್ಮನೆ ಗಾಳಿಗೆ ಹೋಗುವುದಿಲ್ಲ, ಅದಕ್ಕೆ ಯಾರೋ ಬೆಲೆ ತೆರುತ್ತಿದ್ದಾರೆ. ಎಲ್ಲರಿಗಿಂತ ಹೆಚ್ಚು ತೆರುತ್ತಿರುವವರು ನಮ್ಮ ಬ್ಯಾಗ್ ಹೊರುವ ಕ್ಯಾಡಿಗಳು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಆಟದ ನಂತರದ ಹರಟೆಯಲ್ಲಿ ಕರಗಿಹೋಗುತ್ತದೆ. ಅದಕ್ಕೇ ಎಲ್ಲರ ಮುಂದೆ ಬರೆದು ಇಡುತ್ತಿದ್ದೇನೆ.

ಕ್ಯಾಡಿಗೆ ಸಿಗುವುದು ರೌಂಡ್ ಲೆಕ್ಕದ ಕೂಲಿ, ಅಂದರೆ ಹದಿನೆಂಟು ಹೋಲಿನ ಒಂದು ಆಟಕ್ಕೆ ಇಷ್ಟು ಅಂತ. ಗಂಟೆಗೆ ಇಷ್ಟು ಅಂತ ಇಲ್ಲ. ಬೆಳಿಗ್ಗೆ ಆರೂವರೆಗೆ ಹೊರಟ ರೌಂಡ್ ಹತ್ತೂವರೆಗೆ ಮುಗಿದರೆ ಆತ ಊಟ ಮಾಡಿ, ಸ್ವಲ್ಪ ಕಾಲು ಚಾಚಿ, ಹನ್ನೆರಡರ ಹೊತ್ತಿಗೆ ಇನ್ನೊಂದು ಬ್ಯಾಗ್ ಹೆಗಲಿಗೆ ಹಾಕಿಕೊಳ್ಳಬಹುದು. ಅದೇ ರೌಂಡ್ ಹನ್ನೆರಡಕ್ಕೆ ಮುಗಿದರೆ? ಮಧ್ಯಾಹ್ನದ ಆಟ ಶುರುವಾಗುವ ಟೀ ಟೈಮಿಗೆ (ಟೀ ಎಂದರೆ ಹೋಲಿನ ಮೊದಲ ಹೊಡೆತ ಹೊಡೆಯುವ ಜಾಗ) ಬೇರೆ ಕ್ಯಾಡಿಗಳು ಆಗಲೇ ಹೊರಟಿರುತ್ತಾರೆ. ಒಂದು ಗಂಟೆಗೆ ಯಾರಾದರೂ ಸಿಕ್ಕರೂ ಅವರ ಆಟವೂ ಐದೂವರೆ ಗಂಟೆ ಎಳೆದರೆ ಸಂಜೆ ಆರೂವರೆ. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಆರು ಗಂಟೆಯ ಆಸುಪಾಸಿಗೆಲ್ಲ ಸೂರ್ಯ ಮುಳುಗುತ್ತಾನೆ, ಹದಿನಾರನೇ ಹೋಲಿನ ಮೇಲೆ ಬಾಲ್ ಕಾಣುವುದಿಲ್ಲ. ಹೀಗೆ ಆತನ ಎರಡನೇ ರೌಂಡ್ ಇಲ್ಲವಾಗುತ್ತದೆ, ಅರ್ಧ ದಿನದ ದುಡಿಮೆ ಇಲ್ಲವಾಗುತ್ತದೆ. ನಾವು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬಾಲನ್ನು ಕುಳಿಗೆ ಉರುಳಿಸುವ ಎರಡು ಅಡಿಯ ಪಟ್‌ಗೆ ನಾಲ್ಕು ದಿಕ್ಕಿನಿಂದ ಕೂತು ನೋಡುವಾಗ ಕೈಯಲ್ಲಿ ಫ್ಲಾಗ್ ಹಿಡಿದು ನಿಂತಿರುವ ಆ ಮನುಷ್ಯನ ತಲೆಯಲ್ಲಿ ಈ ಲೆಕ್ಕ ಓಡುತ್ತಿರುತ್ತದೆ. ಆದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. "ಸಾರ್, ಸ್ವಲ್ಪ ಬೇಗ" ಅಂದ ಕ್ಯಾಡಿಯನ್ನು ಮುಂದಿನ ವಾರ ಎಷ್ಟು ಜನ ಕರೆಯುತ್ತಾರೆ, ನೀವೇ ಹೇಳಿ.

ಆಮೇಲೆ ಮಕ್ಕಳು. ಶಾಲೆ ಬಿಟ್ಟು ನಾಲ್ಕು, ನಾಲ್ಕೂವರೆಗೆ ಬರುವ ಹುಡುಗ ಹುಡುಗಿಯರಿಗೆ ಸಂಜೆಯ ಬೆಳಕಿನಲ್ಲಿ ಐದಾರು ಹೋಲ್ ಸಿಕ್ಕರೆ ಅದೇ ಪುಣ್ಯ. ಮಧ್ಯಾಹ್ನದ ದೊಡ್ಡವರು ಇನ್ನೂ ಹನ್ನೆರಡನೇ ಹೋಲಿನಲ್ಲಿದ್ದರೆ ಆ ಮಕ್ಕಳಿಗೆ ಪ್ರಾಕ್ಟೀಸ್ ನೆಟ್ಟೇ ಗತಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ಗೆ ಭಾರತದ ಮಹಿಳಾ ಗಾಲ್ಫ್ ತಂಡದಲ್ಲಿ ಹೋದ ಮೂವರೂ ಕರ್ನಾಟಕದವರು: ಬೆಂಗಳೂರಿನ ಅದಿತಿ ಅಶೋಕ್ ಮತ್ತು ಅವನಿ ಪ್ರಶಾಂತ್, ನಮ್ಮ ಮೈಸೂರಿನ ಪ್ರಣವಿ ಅರಸ್. ಅದಿತಿ ಅಲ್ಲಿ ಬೆಳ್ಳಿ ಗೆದ್ದರು. ಇವರ ಹೆಸರು ಹೇಳಿಕೊಂಡು ನಾವು ಹೆಮ್ಮೆ ಪಡುತ್ತೇವೆ, ಪಡಲೇಬೇಕು. ಆ ಹೆಮ್ಮೆ ನಿಜವಾದರೆ ಇಂದಿನ ಮಕ್ಕಳಿಗೆ ಸಂಜೆಯ ಆ ಐದಾರು ಹೋಲ್ ಬಿಟ್ಟುಕೊಡುವ ಜವಾಬ್ದಾರಿಯೂ ನಮ್ಮದು.

ಈಗ ತಡ ಯಾಕಾಗುತ್ತದೆ ಎಂಬುದಕ್ಕೆ ಬರುತ್ತೇನೆ. ಸಾಮಾನ್ಯವಾಗಿ ಬೆರಳು ತೋರಿಸುವುದು ಹೊಸಬರ ಕಡೆಗೆ, ಇಲ್ಲವೇ ವಯಸ್ಸಾದವರ ಕಡೆಗೆ. ಎರಡೂ ಅನ್ಯಾಯ. ನೂರಹತ್ತು ಹೊಡೆತ ಹೊಡೆಯುವ ಹೊಸ ಆಟಗಾರ, ತನ್ನ ಬಾಲ್ ಕಡೆಗೆ ನೇರ ನಡೆದು, ಕ್ಲಬ್ ತೆಗೆದು, ನಿಂತು ಹೊಡೆದರೆ ಯಾರನ್ನೂ ಕಾಯಿಸುವುದಿಲ್ಲ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ಹೇಳುವ ಅಂಕಿ, ಕಡಿಮೆಯಾದಷ್ಟೂ ಆಟ ಉತ್ತಮ) ಹನ್ನೆರಡು ಇರುವವರು ಟೀವಿಯಲ್ಲಿ ಕಂಡ ಹಾಗೆ ನಾಲ್ಕು ಪ್ರಾಕ್ಟೀಸ್ ಸ್ವಿಂಗ್ ಮಾಡಿ, ಹುಲ್ಲು ಕಿತ್ತು ಗಾಳಿಗೆ ತೂರಿ, ಮತ್ತೆ ಬ್ಯಾಗಿಗೆ ಹೋಗಿ ಕ್ಲಬ್ ಬದಲಿಸಿ ಬಂದರೆ ಹಿಂದಿನ ಮೂರು ಫೋರ್‌ಬಾಲ್ ನಿಲ್ಲುತ್ತದೆ. ಎಪ್ಪತ್ತು ದಾಟಿದ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ಅವರ ನಡಿಗೆ ನಿಧಾನ, ಆಟ ಚುರುಕು. ತಮ್ಮ ಸರದಿ ಬರುವ ಮೊದಲೇ ಯಾವ ಕ್ಲಬ್ ಎಂದು ತೀರ್ಮಾನಿಸಿ ನಿಂತಿರುತ್ತಾರೆ. ಅವರ ಜೊತೆ ಆಡಿದ ದಿನ ಬೇಗ ಮನೆಗೆ ಹೋಗಿದ್ದೇನೆ.

ಒಂದು ಸಣ್ಣ ಗುಣಾಕಾರ ಮಾಡೋಣ. ನಾಲ್ವರು, ಒಬ್ಬೊಬ್ಬರಿಗೆ 90 ಹೊಡೆತ, ಒಟ್ಟು 360. ಪ್ರತಿ ಹೊಡೆತಕ್ಕೆ ಬೇಕಾದ್ದಕ್ಕಿಂತ ಹತ್ತೇ ಸೆಕೆಂಡ್ ಹೆಚ್ಚು ತೆಗೆದುಕೊಂಡರೂ 3,600 ಸೆಕೆಂಡ್ ಆಯಿತು. ಅಂದರೆ ಸರಿಯಾಗಿ ಒಂದು ಗಂಟೆ. ನಾವು ಕಳೆದುಕೊಳ್ಳುತ್ತಿರುವ ಗಂಟೆ ಇದೇ. ಯಾರೋ ಒಬ್ಬರು ಮಹಾ ಸೋಮಾರಿ ಇದ್ದು ತಡವಾಗುತ್ತಿಲ್ಲ, ಎಲ್ಲರ ಹತ್ತು ಹತ್ತು ಸೆಕೆಂಡ್ ಕೂಡಿಕೊಂಡು ತಡವಾಗುತ್ತಿದೆ. 2019ರಲ್ಲಿ ಗಾಲ್ಫಿನ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ನಿಯಮ ಪುಸ್ತಕವನ್ನು ಹೊಸದಾಗಿ ಬರೆದಾಗ, ಅಡ್ಡಿಯಿಲ್ಲದೆ ಹೊಡೆಯುವ ಅವಕಾಶ ಸಿಕ್ಕ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕು, ಸಾಮಾನ್ಯವಾಗಿ ಅದಕ್ಕಿಂತ ಬೇಗವೇ ಹೊಡೆಯಬೇಕು ಎಂದು ಸಲಹೆ ಸೇರಿಸಿದ್ದು ಇದೇ ಕಾರಣಕ್ಕೆ. ಕಳೆದ ಬಾಲ್ ಹುಡುಕುವ ಸಮಯವನ್ನು ಐದು ನಿಮಿಷದಿಂದ ಮೂರು ನಿಮಿಷಕ್ಕೆ ಇಳಿಸಿದ್ದೂ ಅದೇ ವರ್ಷ. ಫ್ಲಾಗ್ ತೆಗೆಯದೆ ಪಟ್ ಮಾಡಲು ಒಪ್ಪಿಗೆ ಕೊಟ್ಟದ್ದೂ ಆಗಲೇ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ, ಅಪಾಯವಿಲ್ಲದ ಕಡೆ, ದೂರದವರು ಮೊದಲು ಎಂಬ ಕ್ರಮಕ್ಕೆ ಅಂಟಿಕೊಳ್ಳದೆ ತಯಾರಾದವರು ಮೊದಲು ಹೊಡೆಯಿರಿ ಎಂದು ಪುಸ್ತಕವೇ ಉತ್ತೇಜಿಸುತ್ತದೆ. ಒಂದೊಂದು ಹೋಲನ್ನೂ ಎದುರಾಳಿಯಿಂದ ಗೆಲ್ಲಬೇಕಾದ ಮ್ಯಾಚ್ ಪ್ಲೇನಲ್ಲಿ ಸರದಿಗೆ ಬೆಲೆಯಿದೆ. ಅಲ್ಲೂ ಇಬ್ಬರು ಮಾತಾಡಿಕೊಂಡು ಒಪ್ಪಿದರೆ ಅಡ್ಡಿಯಿಲ್ಲ.

ಇಷ್ಟು ವರ್ಷವಾದರೂ ನಮ್ಮ ಭಾನುವಾರದ ಆಟದಲ್ಲಿ ಈ ನಿಯಮಗಳು ಕಾಣುವುದು ಅಪರೂಪ. ಟೀ ಮೇಲೆ "ಆನರ್ ನಿಮ್ಮದು ಸಾರ್", "ಇಲ್ಲ ಇಲ್ಲ, ನೀವೇ ಹೊಡೀರಿ" ಎನ್ನುವ ಮರ್ಯಾದೆಯಲ್ಲೇ ಒಂದು ನಿಮಿಷ ಹೋಗುತ್ತದೆ. ಪೊದೆಯಲ್ಲಿ ಬಾಲ್ ಹುಡುಕುವುದು ಎಂಟು ನಿಮಿಷಕ್ಕೂ ನಿಲ್ಲುವುದಿಲ್ಲ, ಏಕೆಂದರೆ ಹೊಸ ಬಾಲ್ ದುಬಾರಿ. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇದು ಎಲ್ಲರಿಗೂ ಕೈಗೆಟುಕುವ ಆಟವಲ್ಲ, ಬಾಲ್‌ಗಳನ್ನು ಎಣಿಸಿ ಆಡುವವರು ನಮ್ಮಲ್ಲೂ ಇದ್ದಾರೆ. ಹುಡುಕಬೇಕಾದರೆ ಹುಡುಕಿ, ಆದರೆ ಮೊದಲು ಹಿಂದಿನವರನ್ನು ಮುಂದೆ ಬಿಡಿ. ಬಾಲ್ ರಫ್‌ಗೆ (ಉದ್ದ ಹುಲ್ಲಿಗೆ) ಹೋಗಿ ಕಳೆಯುವ ಅನುಮಾನವಿದ್ದರೆ ಟೀ ಬಿಡುವ ಮೊದಲೇ "ಪ್ರಾವಿಷನಲ್" (ತಾತ್ಕಾಲಿಕ ಬಾಲ್) ಎಂದು ಗಟ್ಟಿಯಾಗಿ ಹೇಳಿ ಇನ್ನೊಂದು ಹೊಡೆದುಬಿಡಿ. ಇನ್ನೂರು ಗಜ ನಡೆದು, ಹುಡುಕಿ, ಸಿಗದೆ ತಿರುಗಿ ಟೀಗೆ ಬರುವ ಮೆರವಣಿಗೆಗಿಂತ ಹಿಂದಿನವರ ತಾಳ್ಮೆ ಕೆಡಿಸುವ ನೋಟ ಇನ್ನೊಂದಿಲ್ಲ. ಸಮಿತಿ ಮನಸ್ಸು ಮಾಡಿದರೆ ಅದನ್ನೂ ತಪ್ಪಿಸಬಹುದು: ಎರಡು ಪೆನಾಲ್ಟಿ ಸ್ಟ್ರೋಕ್ ಸೇರಿಸಿಕೊಂಡು, ಬಾಲ್ ಕಳೆದ ಜಾಗದ ನೇರಕ್ಕೆ ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ಅಂಚಿನಲ್ಲೇ ಇನ್ನೊಂದು ಬಾಲ್ ಡ್ರಾಪ್ ಮಾಡಿ ಆಡಬಹುದಾದ ಸ್ಥಳೀಯ ನಿಯಮವೊಂದು 2019ರಿಂದ ಇದೆ. ಅದನ್ನು ಮಾಡಿರುವುದೇ ನಮ್ಮಂಥ ಹವ್ಯಾಸಿಗಳಿಗಾಗಿ. ಜಾರಿಗೆ ತರಲು ಬೇಕಾದ್ದು ಸಮಿತಿಯ ಒಂದು ನಿರ್ಣಯ, ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ.

ಆದರೆ ಸಮಿತಿಯವರೇ, ಆಟಗಾರರಿಗೆ ಬುದ್ಧಿ ಹೇಳಿದರೆ ಮಾತ್ರ ಇದು ಸರಿಹೋಗುವುದಿಲ್ಲ. ತಡದ ಇನ್ನೊಂದು ದೊಡ್ಡ ಪಾಲು ಹುಟ್ಟುವುದು ಮೊದಲ ಟೀ ಮೇಲೆ, ನೀವು ಹಾಕುವ ಸಮಯದ ಪಟ್ಟಿಯಲ್ಲಿ.

ಎಂಟು ನಿಮಿಷಕ್ಕೊಂದು ಫೋರ್‌ಬಾಲ್ ಬಿಡುತ್ತೀರಿ ಎಂದುಕೊಳ್ಳೋಣ. ಒಂದು ಹೋಲ್ ಮುಗಿಸಲು ನಿಗದಿಯಾದ ಹೊಡೆತಗಳ ಸಂಖ್ಯೆಯೇ ಪಾರ್. ಪಾರ್ ನಾಲ್ಕರ ಹೋಲಿನಲ್ಲಿ ಒಂದು ತಂಡ ಗ್ರೀನ್ ಮೇಲಿದ್ದಾಗ ಇನ್ನೊಂದು ಫೇರ್‌ವೇಯಲ್ಲಿರಬಹುದು, ಪಾರ್ ಐದರಲ್ಲಿ ಮೂರು ತಂಡಕ್ಕೂ ಜಾಗವಿದೆ. ಪಾರ್ ಮೂರರಲ್ಲಿ ಹಾಗಿಲ್ಲ. ಮುಂದಿನವರು ಗ್ರೀನ್ ಬಿಟ್ಟು ಹೋಗುವವರೆಗೆ ಹಿಂದಿನವರು ಟೀ ಮೇಲೆ ಕೈಕಟ್ಟಿ ನಿಲ್ಲಬೇಕು. ನಾಲ್ವರು ಹೊಡೆದು, ನಡೆದು, ಚಿಪ್ ಮಾಡಿ, ಪಟ್ ಮಾಡಿ ಅಲ್ಲಿಂದ ಹೊರಡಲು ಹತ್ತು ನಿಮಿಷ ಬೇಕೆಂದರೆ ಎರಡನೇ ತಂಡ ಎರಡು ನಿಮಿಷ ಕಾಯುತ್ತದೆ, ಮೂರನೆಯದು ನಾಲ್ಕು, ಹತ್ತನೆಯದು ಹದಿನೆಂಟು, ಇಪ್ಪತ್ತನೆಯದು ಮೂವತ್ತೆಂಟು ನಿಮಿಷ. ಇದರಲ್ಲಿ ಯಾರ ತಪ್ಪೂ ಇಲ್ಲ, ಎಲ್ಲರೂ ಚುರುಕಾಗಿಯೇ ಆಡಿದ್ದಾರೆ ಎಂದಿಟ್ಟುಕೊಂಡರೂ ಇಷ್ಟು ಕಾಯಲೇಬೇಕು. ಮಂಡ್ಯದ ಕಡೆ ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಯ ಗೇಟಿನಿಂದ ರಸ್ತೆಯುದ್ದಕ್ಕೂ ಗಾಡಿಗಳು ನಿಂತಿರುವುದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಗಾಣ ಅರೆಯುವಷ್ಟೇ ಅರೆಯುತ್ತದೆ. ಗಾಡಿ ಹೆಚ್ಚು ಕಳಿಸಿದರೆ ಸಾಲು ಉದ್ದವಾಗುತ್ತದೆ, ಸಕ್ಕರೆ ಹೆಚ್ಚಾಗುವುದಿಲ್ಲ.

ಹತ್ತು ನಿಮಿಷಕ್ಕೊಂದರಂತೆ ಬಿಟ್ಟರೆ ಆಡುವವರ ಸಂಖ್ಯೆ ಕಡಿಮೆಯಾಗುತ್ತದೆ, ಸದಸ್ಯರು ಗಲಾಟೆ ಮಾಡುತ್ತಾರೆ ಎಂಬ ಉತ್ತರ ಬರುತ್ತದೆ. ದಯವಿಟ್ಟು ಕಾಗದದ ಮೇಲೆ ಹಾಕಿ ನೋಡಿ. ಎಂಟು ನಿಮಿಷದ ಲೆಕ್ಕದಲ್ಲಿ ಇಪ್ಪತ್ತನೇ ತಂಡ ಹೊರಡುವುದು 152ನೇ ನಿಮಿಷಕ್ಕೆ, ಹತ್ತರ ಲೆಕ್ಕದಲ್ಲಿ 190ನೇ ನಿಮಿಷಕ್ಕೆ. ವ್ಯತ್ಯಾಸ 38 ನಿಮಿಷ. ಮೊದಲ ಲೆಕ್ಕದಲ್ಲಿ ಆ ತಂಡ ಪಾರ್ ಮೂರರ ಟೀ ಮೇಲೆ ಬಿಸಿಲಿಗೆ ನಿಂತು ಕಳೆದದ್ದೂ ಅದೇ 38 ನಿಮಿಷ. ಎರಡೂ ಲೆಕ್ಕದಲ್ಲಿ ಅವರು ಮನೆಗೆ ಹೊರಡುವ ಹೊತ್ತು ಒಂದೇ. ಒಂದರಲ್ಲಿ ಆ ಸಮಯವನ್ನು ಮನೆಯಲ್ಲಿ ತಿಂಡಿ ತಿಂದು ಕಳೆಯಬಹುದು, ಅವರ ಕ್ಯಾಡಿಗಳೂ ಅಷ್ಟು ತಡವಾಗಿ ಬರಬಹುದು. ಇನ್ನೊಂದರಲ್ಲಿ ಎಂಟು ಜನ ಬಿಸಿಲಿನಲ್ಲಿ ಬೇಯುತ್ತಾರೆ. ಯಾರ ಆಟವನ್ನೂ ಕಿತ್ತುಕೊಳ್ಳದೆ ಮಾಡಬಹುದಾದ ಸುಧಾರಣೆ ಇದು. ಇದನ್ನು ಮಾಡದಿರುವುದಕ್ಕೆ ನನಗೆ ಒಂದು ಸರಿಯಾದ ಕಾರಣವೂ ಹೊಳೆಯುತ್ತಿಲ್ಲ.

ಗಾಣವನ್ನೇ ಸ್ವಲ್ಪ ವೇಗ ಮಾಡುವ ದಾರಿಯೂ ಇದೆ. ಪಾರ್ ಮೂರರಲ್ಲಿ ಗ್ರೀನ್ ತಲುಪಿದವರು ಬಾಲ್‌ಗೆ ಗುರುತಿಟ್ಟು ಎತ್ತಿಕೊಂಡು, ಪಕ್ಕಕ್ಕೆ ಸರಿದು ನಿಂತು, ಹಿಂದಿನವರಿಗೆ ಹೊಡೆಯಲು ಕೈಬೀಸಬೇಕು. ಅವರು ಹೊಡೆದು ನಡೆದು ಬರುವಷ್ಟರಲ್ಲಿ ಇವರ ಪಟಿಂಗ್ ಮುಗಿದಿರುತ್ತದೆ. ಸ್ಕೋರ್ ಬರೆಯುವುದನ್ನು ಮುಂದಿನ ಟೀ ಮೇಲೆ ಇಟ್ಟುಕೊಳ್ಳಬೇಕು. ಬ್ಯಾಗನ್ನು ಗ್ರೀನಿನಿಂದ ಮುಂದಿನ ಟೀಗೆ ಹೋಗುವ ಕಡೆಗೇ ಇಡಿಸಬೇಕು. ಒಂಬತ್ತು ಹೋಲ್ ಆದ ಮೇಲಿನ ಕಾಫಿ, ಆಮ್ಲೆಟ್ ಬೇಡವೆನ್ನುವಷ್ಟು ಕಟುಕ ನಾನಲ್ಲ, ಹತ್ತು ನಿಮಿಷದಲ್ಲಿ ಏಳೋಣ ಎನ್ನುತ್ತೇನೆ.

ಸ್ಪರ್ಧೆಯ ಸ್ವರೂಪದ ಬಗ್ಗೆಯೂ ಒಂದು ಮಾತು. ತಿಂಗಳ ಪದಕಕ್ಕೆ ಪ್ರತಿ ಹೋಲನ್ನೂ ಕೊನೆಯ ಪಟ್‌ವರೆಗೆ ಆಡಲೇಬೇಕಾದ ಸ್ಟ್ರೋಕ್ ಪ್ಲೇ ಇರಲಿ, ಅದರ ಗತ್ತೇ ಬೇರೆ. ಆದರೆ ಪ್ರತಿ ಭಾನುವಾರವೂ ಅದೇ ಯಾಕೆ? ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲೆಂಡಿನ ವೈದ್ಯರು ಪಾಯಿಂಟ್ ಲೆಕ್ಕದ ಆಟವನ್ನು ರೂಪಿಸಿ, 1932ರಲ್ಲಿ ಅದು ವಾಲಸಿ ಗಾಲ್ಫ್ ಕ್ಲಬ್ಬಿನಲ್ಲಿ ಸ್ಪರ್ಧೆಯಾಗಿ ನಡೆಯಿತು. ಒಂದು ಹೋಲ್ ಕೆಟ್ಟರೆ ಇಡೀ ರೌಂಡ್ ಕೆಡಬಾರದು ಎಂಬುದು ಅದರ ಉದ್ದೇಶ. ಪಾಯಿಂಟ್ ಬರುವುದಿಲ್ಲ ಎಂದು ಖಾತ್ರಿಯಾದ ಕೂಡಲೇ ಬಾಲ್ ಎತ್ತಿಕೊಂಡು ಮುಂದೆ ಹೋಗಬಹುದು. 2019ರ ನಿಯಮಗಳಲ್ಲಿ ಮ್ಯಾಕ್ಸಿಮಮ್ ಸ್ಕೋರ್ ಎಂಬ ಇನ್ನೊಂದು ಬಗೆಯೂ ಸೇರಿದೆ: ಸಮಿತಿ ಒಂದು ಮಿತಿ ಹಾಕುತ್ತದೆ, ಅಲ್ಲಿಗೆ ಬಂದರೆ ಎತ್ತಿಕೊಂಡು ನಡೆಯಬಹುದು. ಇದರಿಂದ ಹ್ಯಾಂಡಿಕ್ಯಾಪ್ ಸುಳ್ಳಾಗುತ್ತದೆ ಎಂಬ ಅಂಜಿಕೆಯೂ ಬೇಡ. 2020ರಲ್ಲಿ ಶುರುವಾದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಂದು ಹೋಲಿಗೆ ನೆಟ್ ಡಬಲ್ ಬೋಗಿಯೇ (ಪಾರ್, ಅದರ ಮೇಲೆ ಎರಡು, ಜೊತೆಗೆ ಹ್ಯಾಂಡಿಕ್ಯಾಪಿನಿಂದ ಆ ಹೋಲಿಗೆ ಸಿಗುವ ಹೊಡೆತ) ಗರಿಷ್ಠ. ಕೋರ್ಸ್ ಹ್ಯಾಂಡಿಕ್ಯಾಪ್ ಹದಿನೆಂಟು ಇರುವ ನನ್ನಂಥವನಿಗೆ ಪಾರ್ ನಾಲ್ಕರಲ್ಲಿ ಅದು ಏಳು. ಎಂಟು ಹೊಡೆದರೂ ಹನ್ನೊಂದು ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹೋಗುವುದು ಏಳೇ. ಅಂದಮೇಲೆ ಸ್ನೇಹದ ಆಟದಲ್ಲಿ ಬಂಕರಿನಿಂದ ಐದನೇ ಬಾರಿ ಹೊಡೆಯುವ ಹಟ ಯಾರಿಗಾಗಿ?

ದಂಡದ ವಿಷಯ. ನಿಯಮ ಪುಸ್ತಕದಲ್ಲಿ ವಿನಾಕಾರಣ ತಡ ಮಾಡಿದವರಿಗೆ ಮೊದಲ ಸಲ ಒಂದು ಸ್ಟ್ರೋಕ್, ಎರಡನೇ ಸಲ ಎರಡು, ಮೂರನೇ ಸಲಕ್ಕೆ ಸ್ಪರ್ಧೆಯಿಂದಲೇ ಹೊರಕ್ಕೆ ಎಂದಿದೆ. 2013ರ ಮಾಸ್ಟರ್ಸ್‌ನಲ್ಲಿ ಚೀನಾದ ಹದಿನಾಲ್ಕು ವರ್ಷದ ಹುಡುಗ, ಹವ್ಯಾಸಿ ಆಟಗಾರ ಗುವಾನ್ ಟಿಯಾನ್‌ಲಾಂಗ್‌ಗೆ ಎರಡನೇ ದಿನ ಹದಿನೇಳನೇ ಹೋಲಿನಲ್ಲಿ ನಿಧಾನ ಆಟಕ್ಕಾಗಿ ಒಂದು ಸ್ಟ್ರೋಕ್ ದಂಡ ಬಿತ್ತು. ಹುಡುಗ ಅದನ್ನು ತಾಳಿಕೊಂಡು ಆಡಿದ, ಕಟ್ ದಾಟಿ ಕೊನೆಯ ಎರಡು ದಿನದ ಆಟಕ್ಕೆ ಉಳಿದ, ಆ ಟೂರ್ನಿಯ ಶ್ರೇಷ್ಠ ಹವ್ಯಾಸಿ ಎನ್ನಿಸಿಕೊಂಡ. ನನಗೆ ಆ ಹುಡುಗನ ಮೇಲೆ ಅಪಾರ ಗೌರವ. ಜೊತೆಗೆ ಒಂದು ಬೇಸರವೂ ಇದೆ: ಹೆಸರಾಂತ ಆಟಗಾರರು ಎಷ್ಟೋ ಸಲ ಗಡಿಯಾರಕ್ಕೆ ಸಿಗದೆ ದಾಟಿಹೋಗುವಾಗ ಪೆಟ್ಟು ತಿಂದದ್ದು ಒಂದು ಮಗು. ನಮ್ಮ ಊರಿನಲ್ಲೂ ದಂಡವನ್ನಷ್ಟೇ ನೆಚ್ಚಿಕೊಂಡರೆ ಹಾಗೇ ಆಗುತ್ತದೆ. ಅಧಿಕಾರಿಗಳು, ಡಾಕ್ಟರುಗಳು, ಸಮಿತಿಯಲ್ಲೇ ಇರುವವರು ನಿಧಾನವಾಗಿ ಆಡಿದರೆ ಯಾರೂ ಸೊಲ್ಲೆತ್ತುವುದಿಲ್ಲ, ಕಾಲೇಜು ಹುಡುಗರಿಗೆ ಮಾತ್ರ ಎಚ್ಚರಿಕೆ ಸಿಗುತ್ತದೆ. ದೊಡ್ಡವರ ಎದುರು ಮಾತಾಡಬಾರದು ಎಂಬ ನಮ್ಮ ಮೈಸೂರಿನ ಸಂಕೋಚ ಒಳ್ಳೆಯ ಗುಣವೇ ಇರಬಹುದು. ಆದರೆ ಆಟದ ವೇಗ ನೋಡಿಕೊಳ್ಳಲು ಸಂಬಳಕ್ಕೆ ನಿಂತ ಮಾರ್ಷಲ್ ಸದಸ್ಯರಿಗೆ "ಬೇಗ ಆಡಿ ಸಾರ್" ಎನ್ನಲಾರ. ಅವನ ಕೆಲಸಕ್ಕೇ ಕುತ್ತು. ಹಾಗಾಗಿ ಸ್ಪರ್ಧೆಯ ದಿನ ಮಾರ್ಷಲ್ ಆಗಿ ನಿಲ್ಲಬೇಕಾದವರು ಸದಸ್ಯರೇ, ಸರದಿಯ ಮೇಲೆ. ಪ್ರತಿ ಮೂರು ಹೋಲಿಗೆ ಎಷ್ಟು ಸಮಯ ಎಂದು ಬರೆದ ಚೀಟಿ ಸ್ಕೋರ್ ಕಾರ್ಡಿಗೆ ಅಂಟಿರಲಿ. ಮುಂದಿನ ತಂಡಕ್ಕೂ ನಿಮಗೂ ನಡುವೆ ಒಂದು ಇಡೀ ಹೋಲ್ ಖಾಲಿ ಬಿದ್ದಿದ್ದರೆ ಹಿಂದಿನವರನ್ನು ಬಿಡಲೇಬೇಕು ಎಂಬ ನಿಯಮ ಎಲ್ಲರಿಗೂ ಒಂದೇ ಇರಲಿ. ನಾವು ಹಿಂದಿನವರಿಗಿಂತ ಮುಂದಿದ್ದೇವಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಇರಬೇಕಾದ ಜಾಗ ಮುಂದಿನವರ ಬೆನ್ನ ಹಿಂದೆ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳನ್ನು ನೆನಪಿಸಬೇಕು. ಬೆಟ್ಟದ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಸುರಿಯುವ ಹೊತ್ತು ಅದು. ಬಯಲಿನಲ್ಲಿ ಕಬ್ಬಿಣದ ಕ್ಲಬ್‌ಗಳ ಬ್ಯಾಗ್ ಹೊತ್ತು ನಿಂತವರಿಗೆ ಸಿಡಿಲಿನ ಭಯ ಸಣ್ಣದಲ್ಲ. ಬೇಗ ಮುಗಿದ ರೌಂಡ್ ಎಂದರೆ ಆ ಹೊತ್ತಿಗೆ ಸೂರಿನಡಿ ಸೇರಿರುವುದು ಎಂದೂ ಅರ್ಥ.

ನಾನು ಕೇಳುತ್ತಿರುವುದರಲ್ಲಿ ಕೊನೆಯದು, ಬಹುಶಃ ನಿಮಗೆ ಕಷ್ಟವಾದದ್ದು. ರೌಂಡಿಗೆ ಒಂದು ನ್ಯಾಯವಾದ ಸಮಯ ನಿಗದಿ ಮಾಡಿ. ನಾಲ್ಕೂಕಾಲು ಗಂಟೆ ಎನ್ನಿ. ಅದು ಮೀರಿದರೆ ಮೀರಿದ ಪ್ರತಿ ಅರ್ಧ ಗಂಟೆಗೆ ಇಷ್ಟೆಂದು ಕ್ಯಾಡಿಗೆ ಹೆಚ್ಚುವರಿ ಕೂಲಿ ಆಟಗಾರರ ಬಿಲ್ಲಿಗೇ ಸೇರಲಿ. ಟಿಪ್ಸ್ ಕೊಡುತ್ತೇವಲ್ಲ ಎಂದು ಹೇಳಬೇಡಿ. ಟಿಪ್ಸ್ ನಮ್ಮ ಖುಷಿಗೆ ಬಿಟ್ಟದ್ದು, ಆತನ ಸಮಯ ಆತನ ಹಕ್ಕು. ಮುಂದಿನ ತಂಡ ನಿಧಾನವಾದರೆ ನಾವೇಕೆ ತೆರಬೇಕು ಎಂದು ಕೆಲವರು ಕೇಳುತ್ತಾರೆ, ಕೇಳಲಿ. ಆಗ ಅವರೇ ಮುಂದಿನವರಿಗೆ ಹೇಳುತ್ತಾರೆ, ಸಮಿತಿಗೆ ಹೇಳುತ್ತಾರೆ, ಎಂಟು ನಿಮಿಷದ ಪಟ್ಟಿ ಯಾಕೆ ಎಂದು ವಾರ್ಷಿಕ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ. ಈವರೆಗೆ ಯಾರೂ ಎದ್ದು ನಿಂತಿಲ್ಲ, ಯಾಕೆಂದರೆ ತಡದ ಖರ್ಚು ನಮ್ಮ ಜೇಬಿಗೆ ತಟ್ಟಿಲ್ಲ.

ಮುಂದಿನ ಮೂರು ತಿಂಗಳ ಭಾನುವಾರದ ಸ್ಪರ್ಧೆಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಬೇಕೆಂದು ಕೈಮುಗಿದು ಕೇಳುತ್ತೇನೆ: ಹತ್ತು ನಿಮಿಷದ ಅಂತರ, ಪಾರ್ ಮೂರರಲ್ಲಿ ಕೈಬೀಸುವ ಪದ್ಧತಿ, ಕ್ಯಾಡಿಗಳ ಹೆಚ್ಚುವರಿ ಕೂಲಿ. ಪ್ರತಿ ತಂಡ ಹೊರಟ ಸಮಯ, ಮುಗಿಸಿದ ಸಮಯ ಬರೆದಿಡಿ, ಆ ಹಾಳೆಯನ್ನು ಕ್ಯಾಡಿಗಳು ಕೂರುವ ಶೆಡ್ಡಿನ ಗೋಡೆಗೂ ಅಂಟಿಸಿ. ಸರದಿಯ ಮಾರ್ಷಲ್ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ. ಅಂದು ನಾನು ಆಡುವುದಿಲ್ಲ, ಬೆಳಿಗ್ಗೆ ಆರಕ್ಕೆ ಬಂದು ಕೊನೆಯ ಫೋರ್‌ಬಾಲ್ ಹದಿನೆಂಟನೇ ಗ್ರೀನ್ ಬಿಡುವವರೆಗೆ ಇರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಮೈಸೂರಿನ ಒಬ್ಬ ಹವ್ಯಾಸಿ ಗಾಲ್ಫ್ ಆಟಗಾರ